ಹಳೆಯ ಪುಟಗಳ ಪುನರ್ಜನ್ಮ

ಎರಡು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿದ್ದ. ಬುದ್ಧಿ ಬಹು ಚುರುಕು. ಒಮ್ಮೆ ಕಿವಿಗೆ ಬಿದ್ದ ಪದ್ಯವನ್ನು ಮರೆತವನಲ್ಲ. ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರೊಂದು ಅವನ ಬಳಿ ಇತ್ತು. ಹಳಗನ್ನಡ ಕಾವ್ಯಗಳನ್ನು ಕುರಿತ ಹಳೆಯದೊಂದು ಪ್ರಬಂಧಸಂಗ್ರಹವನ್ನು ಓದಬೇಕೆಂದು ಅವನಿಗೆ ಆಸೆ. ಅದರ ಲೇಖಕರು ಗತಿಸಿ ಅರವತ್ತು ವರ್ಷಗಳಿಗೂ ಮಿಕ್ಕಿತ್ತು. ಪುಸ್ತಕವಾದರೋ ಮೊದಲನೆಯ ಮುದ್ರಣದ ಅನಂತರ ಮತ್ತೆ ಅಚ್ಚಿನ ಮೋರೆಯನ್ನೇ ಕಂಡಿರಲಿಲ್ಲ.

ಊರಿನ ಹಳೆಯ ಗ್ರಂಥಾಲಯವೊಂದರಲ್ಲಿ ಪ್ರತಿಯೊಂದು ಸಿಕ್ಕಿತು. ಕಾಗದ ಕಂದಿ ಹುರಿದ ಹಪ್ಪಳದಂತಾಗಿತ್ತು. ಎಷ್ಟೇ ಮೆಲ್ಲಗೆ ಮಗುಚಿದರೂ ಎರಡು ಪುಟಗಳ ಅಂಚು ಮುರಿದು ನನ್ನ ಕೈಯಲ್ಲೇ ಉಳಿಯಿತು. ಪುಟ ಪುಟದ ಛಾಯಾಚಿತ್ರ ತೆಗೆದು, ಚಿತ್ರದಿಂದ ಅಕ್ಷರಗಳನ್ನು ಹೆಕ್ಕಿ ಕೊಡುವ ತಂತ್ರಾಂಶಕ್ಕೆ ಒಪ್ಪಿಸಿದೆ. ಒಂದು ಮಧ್ಯಾಹ್ನದಲ್ಲಿ ಇಡೀ ಪುಸ್ತಕ ಅಕ್ಷರರೂಪ ತಾಳಿತು. ಹುಡುಗನಿಗೆ ಕೊಟ್ಟು, ದೊಡ್ಡ ಉಪಕಾರ ಮಾಡಿದವನಂತೆ ಬೀಗಿದೆ.

ವಾರ ಕಳೆದು ಅವನು ಬಂದ.

"ಹೇಗಿತ್ತಪ್ಪಾ ಪುಸ್ತಕ?" ಎಂದೆ.

"ಚೆನ್ನಾಗಿದೆ ಸಾರ್. ಆದರೆ ಒಂದು ವಿಷಯ ತಿಳಿಯಲಿಲ್ಲ. ಇವರು ಎರಡು ನಿಮಿಷಕ್ಕೊಮ್ಮೆ ವಾಕ್ಯದ ಮಧ್ಯದಲ್ಲೇ ಪುಸ್ತಕದ ಹೆಸರು ಹೇಳಿ ಒಂದು ಸಂಖ್ಯೆಯನ್ನೂ ಹೇಳುತ್ತಾರಲ್ಲ, ಏಕೆ?"

ನನಗೆ ನಗು ಬಂತು. ಪ್ರತಿ ಪುಟದ ನೆತ್ತಿಯ ಮೇಲೆ ಅಚ್ಚಾಗಿದ್ದ ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಅವು! ಕಣ್ಣಿರುವ ನಾವು ಅವನ್ನು ನೋಡಿಯೂ ನೋಡದಂತೆ ದಾಟುತ್ತೇವೆ. ಯಂತ್ರಕ್ಕೆ ಆ ವಿವೇಕವೆಲ್ಲಿ?

ನಗು ಬಹಳ ಹೊತ್ತು ನಿಲ್ಲಲಿಲ್ಲ. ಅದೇ ಪುಸ್ತಕವನ್ನಾಧರಿಸಿ ಅವನು ಬರೆದು ಒಪ್ಪಿಸಿದ್ದ ಪ್ರಬಂಧ ನನ್ನ ಮೇಜಿನ ಮೇಲಿತ್ತು. ಕವಿಯೊಬ್ಬನ ಕಾಲವನ್ನು ಕುರಿತು ಲೇಖಕರ ಅಭಿಪ್ರಾಯವನ್ನು ಅವನು ತಲೆಕೆಳಗು ಮಾಡಿದ್ದಾನೆಂದು ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು ಅಂಕ ಕಳೆದಿದ್ದೆ. ಸಂಶಯ ಬಂದು ನಾನು ಕೊಟ್ಟ ಅಕ್ಷರಪ್ರತಿಯನ್ನು ತೆಗೆದು ನೋಡಿದೆ. ಲೇಖಕರು ಅಡಿಟಿಪ್ಪಣಿಯಲ್ಲಿ ಬೇರೊಬ್ಬ ವಿದ್ವಾಂಸರ ವಿರುದ್ಧಾಭಿಪ್ರಾಯವನ್ನು ಕೊಟ್ಟಿದ್ದರು. ಯಂತ್ರ ಆ ಟಿಪ್ಪಣಿಯನ್ನೂ ಮುಂದಿನ ಪುಟದ ಮೊದಲ ವಾಕ್ಯವನ್ನೂ ಒಂದಕ್ಕೊಂದು ಹೊಲಿದುಬಿಟ್ಟಿತ್ತು! ಲೇಖಕರು ಯಾವ ಮತವನ್ನು ಖಂಡಿಸಿದ್ದರೋ ಅದು ಅವರದೇ ಮತವಾಗಿ ಹುಡುಗನ ಕಿವಿಗೆ ಬಿದ್ದಿತ್ತು. ಅವನು ಕೇಳಿದ್ದನ್ನು ಸರಿಯಾಗಿಯೇ ಬರೆದಿದ್ದ, ತಪ್ಪಿದವನು ನಾನು. ಅಂಕವನ್ನು ತಿದ್ದಿದೆ. ಆದರೆ ನಾಚಿಕೆ ಹೋಗಲಿಲ್ಲ.

ಅಂದಿನಿಂದ ನಾನು ಕಲಿತ ವಿದ್ಯೆಯೊಂದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಇಂಗ್ಲಿಷಿನಲ್ಲಿ ಅದನ್ನು ಫಾರ್ಮ್ಯಾಟಿಂಗ್ ಎನ್ನುತ್ತಾರೆ. ನಾವು ಪುಟದ ವಿನ್ಯಾಸವನ್ನು ಗುರುತಿಸುವುದು ಎನ್ನಬಹುದು. ಹೆಸರು ಕೇಳಿದರೆ ಬರಿಯ ಅಲಂಕಾರದ ಕೆಲಸವೆನ್ನಿಸುತ್ತದೆ. ಅಲ್ಲ, ಅದು ಅರ್ಥವನ್ನು ಕಾಯುವ ಕೆಲಸ.

ಚಿತ್ರ ಬೇರೆ, ಅಕ್ಷರ ಬೇರೆ

ನಮ್ಮ ಹಳೆಯ ಪುಸ್ತಕಗಳು ಸಾಯುತ್ತಿರುವುದು ಗೆದ್ದಲಿನಿಂದ ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕಾಗದವನ್ನು ಮರದ ತಿರುಳಿನಿಂದ ತಯಾರಿಸುವ ಪದ್ಧತಿ ಹಬ್ಬಿತು. ಶಾಯಿ ಹರಡದಿರಲೆಂದು ಅದಕ್ಕೆ ಸ್ಫಟಿಕ ಮತ್ತು ರಾಳದ ಲೇಪನ ಕೊಡುತ್ತಿದ್ದರು. ಸ್ಫಟಿಕದಿಂದ ಹುಟ್ಟುವ ಆಮ್ಲ ಕಾಗದದ ನಾರನ್ನು ಒಳಗಿನಿಂದಲೇ ಮೆಲ್ಲಮೆಲ್ಲನೆ ಕಡಿಯುತ್ತದೆ. ಸೆಖೆ, ತೇವಗಳು ಈ ಕ್ರಿಯೆಗೆ ಒತ್ತಾಸೆ. ನೂರು ವರ್ಷಗಳ ಹಿಂದೆ ಅಚ್ಚಾದ ಪುಸ್ತಕ ಮುಟ್ಟಿದರೆ ಮುರಿಯುವುದಕ್ಕೂ, ಅದಕ್ಕಿಂತ ಎಷ್ಟೋ ಹಳೆಯದಾದ ಓಲೆಗರಿ ಇನ್ನೂ ಗಟ್ಟಿಯಾಗಿರುವುದಕ್ಕೂ ಇದೇ ಕಾರಣ.

ಆದುದರಿಂದ ಪುಟಗಳ ಚಿತ್ರ ತೆಗೆದಿಡುವುದು ಮೊದಲ ರಕ್ಷಣೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಮುಖ್ಯ ಕೇಂದ್ರವನ್ನಾಗಿ ಮಾಡಿಕೊಂಡು ನಡೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಕನ್ನಡವೂ ಸೇರಿ ಅನೇಕ ಭಾಷೆಗಳ ಪುಸ್ತಕಗಳು ಚಿತ್ರರೂಪಕ್ಕೆ ಬಂದವು. ಮುಂದೆ ಆ ತಾಣ ನಿಂತುಹೋಯಿತಾದರೂ, ಅದರ ಬಹಳಷ್ಟು ಪ್ರತಿಗಳು ಅಮೆರಿಕೆಯ 'ಇಂಟರ್‌ನೆಟ್ ಆರ್ಕೈವ್' ಎಂಬ ಸಂಸ್ಥೆಯ ಭಂಡಾರವನ್ನು ಸೇರಿ ಉಳಿದಿವೆ.

ಆದರೆ ಚಿತ್ರವೆಂಬುದು ಗಾಜಿನ ಬೀರುವಿನಲ್ಲಿಟ್ಟ ಪುಸ್ತಕದಂತೆ. ನೋಡಬಹುದು, ಬಳಸುವುದು ಕಷ್ಟ. ಅದರಲ್ಲಿ ಒಂದು ಪದವನ್ನು ಹುಡುಕಲಾಗದು, ಕಿರಿಯ ಅಕ್ಷರವನ್ನು ಕೈಫೋನಿನ ಅಗಲಕ್ಕೆ ತಕ್ಕಂತೆ ಹಿರಿದು ಮಾಡಿ ಸಾಲು ಕೂಡಿಸಲಾಗದು, ಕುರುಡರ ಯಂತ್ರ ಅದನ್ನು ಓದಲಾರದು. ಚಿತ್ರ ಅಕ್ಷರವಾಗಬೇಕು, ಅಕ್ಷರ ಮತ್ತೆ ಪುಸ್ತಕವಾಗಬೇಕು. ಎರಡನೆಯ ಈ ಹೆಜ್ಜೆಯನ್ನೇ ನಾನು ಮರೆತಿದ್ದೆ.

ಇಲಿನಾಯ್‌ಯ ವಿದ್ಯಾರ್ಥಿ

ಈ ಕಾರ್ಯದ ಇತಿಹಾಸ ಸ್ವಾರಸ್ಯವಾದುದು. 1971ನೆಯ ಇಸವಿ ಜುಲೈ 4. ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿಗೆ ಅಲ್ಲಿಯ ಬೃಹತ್ ಗಣಕಯಂತ್ರವನ್ನು ಬಳಸುವ ಅವಕಾಶ ಸಿಕ್ಕಿತು. ಲೆಕ್ಕ ಮಾಡಲೆಂದೇ ಹುಟ್ಟಿದ ಆ ಯಂತ್ರದಲ್ಲಿ ಅವನು ತನ್ನ ದೇಶದ ಸ್ವಾತಂತ್ರ್ಯಘೋಷಣೆಯನ್ನು ಬೆರಳಚ್ಚು ಮಾಡಿಟ್ಟ. ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ ಎಂಬುದು ಅವನ ಇಚ್ಛೆ. 'ಪ್ರಾಜೆಕ್ಟ್ ಗುಟೆನ್‌ಬರ್ಗ್' ಎಂಬ ಮಹಾಭಂಡಾರಕ್ಕೆ ಅದೇ ಅಸ್ತಿಭಾರ. ಕೈಯಿಂದಲೇ ಮುಂದುವರಿದ ಈ ಕೆಲಸ ಹತ್ತನೆಯ ಪುಸ್ತಕವಾದ ಇಂಗ್ಲಿಷ್ ಬೈಬಲ್ಲನ್ನು ಮುಟ್ಟುವ ಹೊತ್ತಿಗೆ 1989 ಬಂದಿತ್ತು. ಹಾರ್ಟ್ 2011ರಲ್ಲಿ ತೀರಿಕೊಂಡರು.

ಒಬ್ಬನೇ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿದ್ದುವುದೆಂದರೆ ತಿಂಗಳುಗಟ್ಟಲೆ ಕೆಲಸ. ಬೇಸರ ಬಂದು ಅರ್ಧಕ್ಕೇ ಕೈಬಿಡುವವರೇ ಹೆಚ್ಚು. ಇದಕ್ಕೆ 2000ದಲ್ಲಿ ಚಾರ್ಲ್ಸ್ ಫ್ರ್ಯಾಂಕ್ಸ್ ಎಂಬವರು ಒಂದು ಸರಳವಾದ ಉಪಾಯ ಹೂಡಿದರು. ಪುಸ್ತಕವನ್ನು ಪುಟ ಪುಟವಾಗಿ ಬಿಡಿಸಿ ಲೋಕಕ್ಕೆಲ್ಲಾ ಹಂಚುವುದು! 'ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್' ಎಂದು ಅದರ ಹೆಸರು. ತೆರೆಯ ಒಂದು ಭಾಗದಲ್ಲಿ ಮೂಲ ಪುಟದ ಚಿತ್ರ, ಇನ್ನೊಂದು ಭಾಗದಲ್ಲಿ ಯಂತ್ರ ಹೆಕ್ಕಿದ ಅಕ್ಷರ. ಎರಡನ್ನೂ ಹೋಲಿಸಿ ತಿದ್ದಿ ಒಪ್ಪಿಸಿದರಾಯಿತು. ದಿನಕ್ಕೊಂದು ಪುಟ ಮಾಡಿದರೆ ಸಾಕೆಂದು ಅಲ್ಲಿಯ ಸ್ವಯಂಸೇವಕರು ಹೊಸಬರಿಗೆ ಧೈರ್ಯ ಹೇಳುತ್ತಾರೆ. ಹನಿಗೂಡಿ ಹಳ್ಳವಾಯಿತು. 2007ರಲ್ಲಿ ಹತ್ತು ಸಾವಿರ, 2011ರಲ್ಲಿ ಇಪ್ಪತ್ತು ಸಾವಿರ, 2015ರಲ್ಲಿ ಮೂವತ್ತು ಸಾವಿರ ಪುಸ್ತಕಗಳು ಅವರ ಕೈಯಿಂದ ಹೊರಬಂದವು.

ಪ್ರತಿ ಪುಟವೂ ಮೂರು ಸುತ್ತಿನ ಕರಡು ತಿದ್ದುಪಡಿಯನ್ನೂ, ಅದರ ಮೇಲೆ ಎರಡು ಸುತ್ತಿನ ವಿನ್ಯಾಸದ ಗುರುತನ್ನೂ ದಾಟಬೇಕೆಂಬುದು ಅಲ್ಲಿಯ ಸಾಮಾನ್ಯ ಕ್ರಮ. ಅಕ್ಷರದ ತಪ್ಪು ನೋಡುವ ಕಣ್ಣು ಬೇರೆ, ಪುಟದ ರೂಪವನ್ನು ನೋಡುವ ಕಣ್ಣು ಬೇರೆ. ಎರಡನ್ನೂ ಒಟ್ಟಿಗೆ ನೋಡಹೋದರೆ ಎರಡೂ ಕೆಡುತ್ತವೆ ಎಂಬುದು ಅವರ ಅನುಭವ. ಅಚ್ಚುಕೂಟದಲ್ಲಿ ಕರಡು ತಿದ್ದಿದವರಾರೂ ಇದನ್ನು ಅಲ್ಲಗಳೆಯಲಾರರು.

ಗುರುತುಗಳ ಭಾಷೆ

ಹಾಗಾದರೆ ವಿನ್ಯಾಸ ಗುರುತಿಸುವವನು ಮಾಡುವುದೇನು?

ಪುಟದ ನೆತ್ತಿಯ ಹೆಸರು, ಸಂಖ್ಯೆಗಳನ್ನು ಮೊದಲೇ ತೆಗೆದಿರುತ್ತಾರೆ. ಅಧ್ಯಾಯದ ತಲೆಬರಹ ಬಂದರೆ ಅದರ ಮೇಲೆ ನಾಲ್ಕು ಖಾಲಿ ಸಾಲು, ಕೆಳಗೆ ಎರಡು. ಒಳವಿಭಾಗದ ತಲೆಬರಹವಾದರೆ ಮೇಲೆ ಎರಡು ಸಾಲು ಮಾತ್ರ. ಖಾಲಿ ಸಾಲನ್ನು ಎಣಿಸಿಯೇ ಮುಂದೆ ಪುಸ್ತಕವನ್ನು ಕಟ್ಟುವವರು ಇದು ಅಧ್ಯಾಯ, ಇದು ಉಪವಿಭಾಗ ಎಂದು ತಿಳಿಯುತ್ತಾರೆ. ಓರೆ ಅಕ್ಷರ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ, ದಪ್ಪ ಅಕ್ಷರ ಯಾವುದು ಎಂಬುದಕ್ಕೆಲ್ಲ ಚಿಕ್ಕ ಸಂಕೇತಗಳುಂಟು. ಕಥೆಯ ನಡುವೆ ಕಾಲವೋ ಸ್ಥಳವೋ ಬದಲಾದುದನ್ನು ತೋರಿಸಲು ಬಿಟ್ಟ ತೆರಪಿಗೂ ಒಂದು ಸಂಕೇತ. ಚಿತ್ರವಿದ್ದಲ್ಲಿ 'ಇಲ್ಲಿ ಚಿತ್ರ' ಎಂಬ ಗುರುತಿನೊಡನೆ ಅದರ ಕೆಳಗಿನ ಬರೆಹ. ಗದ್ಯದ ಸಾಲುಗಳು ಓದುವವನ ತೆರೆಯ ಅಗಲಕ್ಕೆ ಹೊಂದಿಕೊಳ್ಳಬಹುದು. ಪದ್ಯದ ಸಾಲು ಮಾತ್ರ ಮುರಿಯಕೂಡದು. ಆದುದರಿಂದ ಪದ್ಯಕ್ಕೆ ಮೇಲೂ ಕೆಳಗೂ ಬೇಲಿ ಹಾಕಿದಂತೆ ಬೇರೆ ಗುರುತು.

ಅಡಿಟಿಪ್ಪಣಿಯ ವಿಷಯವಂತೂ ನನ್ನ ಎದೆಗೇ ತಾಕಿದುದು. ಟಿಪ್ಪಣಿಯನ್ನು ಚೌಕಕಂಸದಲ್ಲಿಟ್ಟು 'ಅಡಿಟಿಪ್ಪಣಿ' ಎಂದು ಹೆಸರಿಸಿ ಸಂಖ್ಯೆ ಕೊಡಬೇಕು. ಮೂಲವಾಕ್ಯದಲ್ಲಿ ಅದೇ ಸಂಖ್ಯೆ ನಿಲ್ಲಬೇಕು. ಟಿಪ್ಪಣಿ ಮುಂದಿನ ಪುಟಕ್ಕೆ ಹರಿದಿದ್ದರೆ ಅದಕ್ಕೂ ಗುರುತು. ಇಷ್ಟು ಮಾಡಿದ್ದರೆ ನನ್ನ ವಿದ್ಯಾರ್ಥಿ ಅಂಕ ಕಳೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಚಿಕ್ಕ ವಿಷಯ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಪದವನ್ನು ಅಡ್ಡಗೆರೆಯಿಂದ ಮುರಿದಿದ್ದರೆ ಗೆರೆ ತೆಗೆದು ಕೂಡಿಸಬೇಕು. ಆದರೆ 'ತಾಯಿ-' ಎಂದು ಸಾಲು ಮುಗಿದು ಮುಂದಿನ ಸಾಲು 'ತಂದೆ' ಎಂದು ಮೊದಲಾದರೆ? ಆ ಗೆರೆ ಮೊಳೆ ಜೋಡಿಸಿದವನದೋ, ಲೇಖಕನದೋ? ಪುಸ್ತಕದ ಬೇರೆ ಕಡೆ ಅದೇ ಪದ ಸಾಲಿನ ನಡುವೆ ಹೇಗೆ ಅಚ್ಚಾಗಿದೆಯೆಂದು ಹುಡುಕಬೇಕು. ಸಿಕ್ಕದಿದ್ದರೆ ಗೆರೆಯ ಪಕ್ಕದಲ್ಲಿ ಒಂದು ನಕ್ಷತ್ರವಿಟ್ಟು, ಇಡೀ ಪುಸ್ತಕವನ್ನು ಕೂಡಿಸುವವರಿಗೆ ತೀರ್ಮಾನ ಬಿಡಬೇಕು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಬರೆದಿಡುವ ಈ ವಿನಯ ನನಗೆ ಬಹಳ ಹಿಡಿಸಿತು.

ಕನ್ನಡದ ಕಷ್ಟಗಳು

ಕನ್ನಡಕ್ಕೂ ಇಂಥದೊಂದು ಕಾರ್ಯಾಗಾರವಿದೆ. ವಿಕಿಪೀಡಿಯದ ಸೋದರ ಯೋಜನೆಯಾದ 'ವಿಕಿಸೋರ್ಸ್' ಅದು. ಅಲ್ಲಿಯೂ ಪುಟದ ಚಿತ್ರ ಒಂದು ಕಡೆ, ಅಕ್ಷರ ಒಂದು ಕಡೆ. ತಿದ್ದದ ಪುಟಕ್ಕೆ ಕೆಂಪು ಬಣ್ಣ, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಪರೀಕ್ಷಿಸಿ ಒಪ್ಪಿದರೆ ಹಸಿರು. ಹಳದಿ ಮಾಡಿದವನೇ ಹಸಿರು ಮಾಡುವಂತಿಲ್ಲ! ತನ್ನ ತಪ್ಪು ತನಗೆ ಕಾಣದೆಂಬ ಲೋಕಾನುಭವವೇ ಇಲ್ಲಿ ನಿಯಮವಾಗಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷ ನಿರಂಜನರ ಕೃತಿಗಳೂ ಅವರ ಮನೆಯವರಿಂದ ಹಾಗೆಯೇ ಬಿಡುಗಡೆಯಾದವು. ಕೆಲಸಕ್ಕೆ ಪುಟಗಳ ಕೊರತೆಯಿಲ್ಲ, ಕೈಗಳ ಕೊರತೆ.

ನಾನೂ ಅಲ್ಲಿ ಸೇರಿಕೊಂಡೆ. ಒಂದೆರಡು ದಿನಗಳಲ್ಲೇ ನಮ್ಮ ಲಿಪಿ ಯಂತ್ರಕ್ಕೆ ಎಂಥ ಒಗಟೆಂದು ತಿಳಿಯಿತು. ಅನುಸ್ವಾರವೂ ಸೊನ್ನೆಯೂ ಅವಳಿಗಳು. ಅರ್ಕಾವತ್ತೂ ಒಂಬತ್ತರ ಅಂಕಿಯೂ ಒಂದೇ ಅಚ್ಚು. 'ಧರ್ಮ' ಎಂಬುದು 'ಧಮ೯' ಆಗುತ್ತದೆ. 'ಮ'ವೂ 'ವು'ವೂ ಅದಲುಬದಲಾಗಿ 'ಹಾವು' 'ಹಾಮ'ವಾಗುತ್ತದೆ. ಹೊಟ್ಟೆಯೊಳಗಿನ ಒಂದು ಚುಕ್ಕೆ ಸವೆದರೆ 'ಅರ್ಥ' ಹೋಗಿ 'ಅರ್ಧ'ವಾಗುತ್ತದೆ! ಹಳೆಯ ಕಾವ್ಯಗಳ ಮುದ್ರಣದಲ್ಲಿ ಕಂದಪದ್ಯಕ್ಕೆ 'ಕಂ||' ಎಂದೂ ವಚನಭಾಗಕ್ಕೆ 'ವ||' ಎಂದೂ ಗುರುತು ಹಾಕುತ್ತಿದ್ದರಷ್ಟೆ. ಆ ಎರಡು ನಿಲುಗೆರೆಗಳನ್ನು ಯಂತ್ರ ಹನ್ನೊಂದು ಎಂದು ಓದುತ್ತದೆ. 'ಕಂ 11' ಎಂಬುದನ್ನು ಕಂಡು ಮೊದಲ ದಿನ ನಾನೇ ಹನ್ನೊಂದನೆಯ ಕಂದವೆಂದು ಭ್ರಮಿಸಿದೆ.

ಹಳಗನ್ನಡದ ಅಕ್ಷರಗಳದು ಇನ್ನೊಂದು ಕಥೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ನಮ್ಮ 'ೞ'ಕಾರಕ್ಕೆ ಅಲ್ಲಿ ಬಿದ್ದಿರುವ ಇಂಗ್ಲಿಷ್ ಹೆಸರು 'ಫ' ಎಂದು! ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಬಾರದೆಂಬುದು ಅವರ ಕಟ್ಟಳೆ. ಆದುದರಿಂದ ತಪ್ಪನ್ನು ಒಪ್ಪಿಕೊಂಡು ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಹಳೆಯ ಬರೆಹಗಳಲ್ಲಿ ಕಾಣುವ ನಕಾರಪೊಲ್ಲು ಎಂಬ ಚಿಹ್ನೆಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ. ಅಲ್ಲಿಯವರೆಗೆ ಅಂಥ ಪುಟವನ್ನು ಇದ್ದಂತೆ ಇಳಿಸುವುದಕ್ಕೇ ಸಾಧನವಿರಲಿಲ್ಲ.

ಎಲ್ಲಕ್ಕಿಂತ ನೋಯಿಸಿದ್ದು ಪದ್ಯಗಳ ಪಾಡು. ಭಾಮಿನೀಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಪಾದಗಳಲ್ಲಿ ಇಪ್ಪತ್ತಮೂರು. ಅಚ್ಚಿನ ಪುಟದಲ್ಲಿ ಎರಡು ಗಿಡ್ಡ ಸಾಲು, ಒಂದು ನೀಳಸಾಲು, ಮತ್ತೆ ಎರಡು ಗಿಡ್ಡ, ಒಂದು ನೀಳ. ಓದುವ ಮೊದಲೇ ಕಣ್ಣಿಗೆ ಅದರ ನಡಿಗೆ ಕಾಣುತ್ತದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತದೆ. ಯಂತ್ರ ಆರೂ ಸಾಲುಗಳನ್ನು ಬೆಸೆದು ಗದ್ಯ ಮಾಡಿದರೆ ಷಟ್ಪದಿ ಎಲ್ಲಿ ಉಳಿಯಿತು? ಓದುವ ಯಂತ್ರವಾದರೋ ಪಾದಾಂತ್ಯದಲ್ಲಿ ನಿಲ್ಲದೆ ಒಂದೇ ಉಸಿರಿಗೆ ಓಡುತ್ತದೆ.

ಇಲ್ಲಿ ಯಾರಾದರೂ ಕೇಳಬಹುದು: ಓಲೆಗರಿಯಲ್ಲಿಯೂ ಪದ್ಯಗಳನ್ನು ಸಾಲು ಮುರಿಯದೆ ಒತ್ತೊತ್ತಾಗಿಯೇ ಬರೆಯುತ್ತಿದ್ದರಲ್ಲವೆ? ನಿಜ. ಆದರೆ ಆಗ ಓದುತ್ತಿದ್ದವರು ಗಮಕಿಗಳು. ಛಂದಸ್ಸು ಅವರ ಕಂಠದಲ್ಲಿತ್ತು. ಹಾಗಿದ್ದೂ ಅನಾಹುತಗಳು ತಪ್ಪಲಿಲ್ಲ. ಓಲೆಯ ಅಂಚಿನಲ್ಲಿ ಯಾರೋ ಬರೆದ ಅರ್ಥವನ್ನು ಮುಂದಿನ ಲಿಪಿಕಾರ ಮೂಲವೆಂದೇ ತಿಳಿದು ಒಳಗೆ ಸೇರಿಸಿದ. ಹಾಗೆ ನುಸುಳಿದ ಪ್ರಕ್ಷೇಪಗಳನ್ನು ಹೊರತೆಗೆಯಲು ನಮ್ಮ ಗ್ರಂಥಸಂಪಾದಕರು ಕಣ್ಣು ಕೆಡಿಸಿಕೊಂಡರು. ಎಂ.ಎ. ತರಗತಿಯಲ್ಲಿ ಈ ಲಿಪಿಕಾರನ ಪ್ರಮಾದಗಳನ್ನು ಪಟ್ಟಿ ಮಾಡಿ ಪರೀಕ್ಷೆಯಲ್ಲಿ ಬರೆದವನು ನಾನು. ಅಡಿಟಿಪ್ಪಣಿಯನ್ನು ಮೂಲಕ್ಕೆ ಹೊಲಿದ ಪ್ರತಿಯನ್ನು ವಿದ್ಯಾರ್ಥಿಯ ಕೈಗಿತ್ತಾಗ ನಾನೂ ಅದೇ ಲಿಪಿಕಾರನಾಗಿದ್ದೆ! ಅವನ ತಪ್ಪು ಒಂದು ಓಲೆಕಟ್ಟಿನಲ್ಲಿತ್ತು. ನನ್ನದು ಕ್ಷಣಾರ್ಧದಲ್ಲಿ ಸಾವಿರ ನಕಲಾಗಬಲ್ಲುದು.

ತಿದ್ದುವ ಚಪಲ

ಮೇಷ್ಟರಿಗೆ ತಿದ್ದುವ ಚಪಲ ಜಾಸ್ತಿ. ವಿಕಿಸೋರ್ಸಿನಲ್ಲಿ ನನ್ನ ಪಾಲಿಗೆ ಬಂದ ಹಳೆಯ ಪುಟವೊಂದರಲ್ಲಿ 'ಧರ್ಮ್ಮ' ಎಂದೂ 'ಪೂರ್ವ್ವ' ಎಂದೂ ಇಮ್ಮಡಿ ಒತ್ತಿನಲ್ಲಿ ಅಚ್ಚಾಗಿತ್ತು. ಕೂಡಲೆ ಎಲ್ಲವನ್ನೂ ಇಂದಿನ ಕಾಗುಣಿತಕ್ಕೆ ತಂದು ಹಳದಿ ಬಣ್ಣ ಕೊಟ್ಟೆ. ಮರುದಿನ ನೋಡಿದರೆ ಯಾರೋ ಅಷ್ಟನ್ನೂ ಹಿಂದಿನಂತೆ ಮಾಡಿ, ಮೂಲದಲ್ಲಿರುವಂತೆಯೇ ಇರಲಿ ಎಂದು ಸೌಮ್ಯವಾಗಿ ಬರೆದಿದ್ದರು. ಅವರು ಯಾರೋ, ಯಾವ ಊರಿನವರೋ ನಾನರಿಯೆ. ಬರೆದ ರೀತಿಯಿಂದ ನನ್ನ ವಿದ್ಯಾರ್ಥಿಗಳ ವಯಸ್ಸಿನವರೇ ಇರಬೇಕೆಂದು ತೋರಿತು. ಆ ಗಳಿಗೆ ಸ್ವಲ್ಪ ಕೋಪ ಬಂದರೂ, ಯೋಚಿಸಿದಂತೆ ಅವರೇ ಸರಿಯೆನ್ನಿಸಿತು. ಆ ಒತ್ತಕ್ಷರ ಒಂದು ಕಾಲದ ಬರೆವಣಿಗೆಯ ಸಾಕ್ಷಿ. ಮುಂದೆ ಯಾರಾದರೂ ನಮ್ಮ ಕಾಗುಣಿತದ ಇತಿಹಾಸವನ್ನು ಬರೆಯಹೊರಟರೆ ನಾನು ಅವರ ಆಧಾರವನ್ನೇ ಅಳಿಸಿರುತ್ತಿದ್ದೆ. ಅಚ್ಚಿನ ದೋಷವೆಂದು ಸ್ಪಷ್ಟವಾದರೂ ಮೂಲವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಸೂಚನೆ ಕೊಡುವುದೇ ಕ್ಷೇಮ.

ಈಚೆಗೆ ಕೃತಕಬುದ್ಧಿಯ ಯಂತ್ರಗಳು ಬಂದಿವೆ, ಇನ್ನು ಮನುಷ್ಯರ ಶ್ರಮವೇಕೆ ಎಂದು ಗೆಳೆಯರು ಹಾಸ್ಯ ಮಾಡುತ್ತಾರೆ. ಈ ಯಂತ್ರಗಳು ಅಕ್ಷರ ಗುರುತಿಸುವುದರಲ್ಲಿ ಹಳೆಯವಕ್ಕಿಂತ ಮುಂದಿವೆಯೆಂಬುದರಲ್ಲಿ ಸಂದೇಹವಿಲ್ಲ, ನಾನೂ ಬಳಸುತ್ತೇನೆ. ಆದರೆ ಹಳೆಯ ಯಂತ್ರ ತಪ್ಪಿದರೆ 'ಧಮ೯' ಎಂದು ಅರ್ಥವಿಲ್ಲದ ಅಕ್ಷರ ಬರುತ್ತಿತ್ತು, ತಪ್ಪು ಒಡನೆಯೇ ಕಣ್ಣಿಗೆ ಹೊಡೆಯುತ್ತಿತ್ತು. ಹೊಸ ಯಂತ್ರ ತಪ್ಪಿದರೆ ಸುಂದರವಾದ, ಅರ್ಥವುಳ್ಳ, ಆದರೆ ಪುಸ್ತಕದಲ್ಲಿ ಇಲ್ಲವೇ ಇಲ್ಲದ ಪದವನ್ನು ಇಟ್ಟುಬಿಡುತ್ತದೆ. ಅಪರೂಪದ ದೇಶ್ಯಪದ ಕಂಡರೆ ಅದರ ಬದಲು ರೂಢಿಯ ಪದ. ಹರಿದ ಮೂಲೆಯಲ್ಲಿ ಹೋದ ಪದಕ್ಕೆ ತನ್ನದೇ ಊಹೆ. ಓದುವವನಿಗೆ ಸಂಶಯವೇ ಹುಟ್ಟದು. ಯಂತ್ರ ಜಾಣವಾದಷ್ಟೂ ಅದರ ಪಕ್ಕದಲ್ಲಿ ಮೂಲದ ಚಿತ್ರವನ್ನಿಟ್ಟುಕೊಂಡು ಕೂರುವ ಮನುಷ್ಯನ ಅಗತ್ಯ ಹೆಚ್ಚೇ ಹೊರತು ಕಡಮೆಯಲ್ಲ.

ನಮ್ಮ ಅಟ್ಟದ ಪೆಟ್ಟಿಗೆ

ಓದುಗರಲ್ಲಿ ಅನೇಕರ ಮನೆಯ ಅಟ್ಟದಲ್ಲಿ ತಾತನವರದೋ ದೊಡ್ಡಪ್ಪನವರದೋ ಪುಸ್ತಕದ ಪೆಟ್ಟಿಗೆ ಇದ್ದೀತು. ರದ್ದಿಯವನನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಬೇಕೆಂದು ನನ್ನ ಬಿನ್ನಹ. ಯಾವುದನ್ನು ಎಲ್ಲರಿಗೂ ಹಂಚಬಹುದೆಂಬುದಕ್ಕೆ ಕಾನೂನಿದೆ. ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ವರ್ಷದಿಂದಾಚೆಗೆ ಅರವತ್ತು ವರ್ಷ ಕಳೆದರೆ, ಅವನು ಬದುಕಿದ್ದಾಗ ಪ್ರಕಟವಾದ ಕೃತಿಗಳು ಸರ್ವರ ಸ್ವತ್ತು. 1963ರಲ್ಲಿ ಗತಿಸಿದ ರಾಷ್ಟ್ರಕವಿ ಗೋವಿಂದ ಪೈಗಳ ಕೃತಿಗಳು 2024ರ ಜನವರಿಯಿಂದಲೂ, 1964ರಲ್ಲಿ ಗತಿಸಿದ ಆಲೂರು ವೆಂಕಟರಾಯರ ಕೃತಿಗಳು 2025ರ ಜನವರಿಯಿಂದಲೂ ಹೀಗೆ ಮುಕ್ತವಾದವು. ಉಳಿದವಕ್ಕೆ ಹಕ್ಕುದಾರರ ಅನುಮತಿ ಬೇಕು. ಕಣ್ಣು ಕಾಣದವರೇ ಮೊದಲಾದವರು ಓದಲಾಗುವಂತೆ ಪುಸ್ತಕವನ್ನು ಮಾರ್ಪಡಿಸಿಕೊಡುವುದಕ್ಕೆ ಮಾತ್ರ 2012ರ ತಿದ್ದುಪಡಿಯಲ್ಲಿ ವಿಶೇಷವಾದ ವಿನಾಯಿತಿ ಉಂಟು. ಈ ಉದ್ದೇಶಕ್ಕಾಗಿಯೇ 2013ರಲ್ಲಿ ಮರಾಕೇಶ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಎಲ್ಲ ದೇಶಗಳಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ಹೆಗ್ಗಳಿಕೆ ನಮ್ಮ ದೇಶದ್ದು.

ಈ ಕೆಲಸಕ್ಕೆ ಪಾಂಡಿತ್ಯ ಬೇಡ. ಕನ್ನಡ ಓದಲು ಬರಬೇಕು, ತಾಳ್ಮೆ ಬೇಕು. ಒಂದು ಪುಟಕ್ಕೆ ನನಗೆ ಮೊದಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಕಾಫಿ ಆರುವುದರೊಳಗೆ ಒಂದಾಗುತ್ತದೆ. ನಿವೃತ್ತರಾದ ನನ್ನ ಸೋದರಮಾವನವರು ಮೊದಲು "ಇದರಿಂದ ಏನು ಬರುತ್ತೋ?" ಎಂದು ಹಂಗಿಸುತ್ತಿದ್ದರು. ಒಂದು ದಿನ ತಾವು ಬಾಲ್ಯದಲ್ಲಿ ಓದಿದ ಕಥೆಯೊಂದು ತೆರೆಯ ಮೇಲೆ ಬಂದದ್ದನ್ನು ಕಂಡು ಕುರ್ಚಿ ಎಳೆದುಕೊಂಡು ಕುಳಿತರು. ಅಂದಿನಿಂದ ನಮ್ಮ ಮನೆಯಲ್ಲಿ ಹಳದಿ ಮಾಡುವವನು ನಾನು, ಹಸಿರು ಮಾಡುವವರು ಅವರು. ನನ್ನ ತಪ್ಪು ಹಿಡಿದ ದಿನ ಅವರಿಗೆ ಊಟ ಹೆಚ್ಚು ರುಚಿಸುತ್ತದೆ.

ವಿದ್ಯಾರ್ಥಿಯ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಕೈಗೆತ್ತಿಕೊಂಡು ಮುಗಿಸಲು ನಾಲ್ಕು ತಿಂಗಳು ಬೇಕಾಯಿತು. ಪ್ರತಿ ಪ್ರಬಂಧಕ್ಕೂ ತಲೆಬರಹದ ಗುರುತು, ಪದ್ಯಗಳಿಗೆ ಪಾದವಿಭಾಗ, ಟಿಪ್ಪಣಿಗಳಿಗೆ ಸಂಖ್ಯೆ. ಅಂಚು ಮುರಿದ ಆ ಎರಡು ಪುಟಗಳಲ್ಲಿ ಹಿಂದೆಯೇ ಯಾರ ಕೈಯಲ್ಲೋ ಉದುರಿಹೋಗಿದ್ದ ಕೆಲವು ಅಕ್ಷರಗಳು ಕೊನೆಗೂ ಸಿಕ್ಕಲಿಲ್ಲ. ಊಹಿಸಬಹುದಾಗಿತ್ತು, ಊಹಿಸದೆ 'ಇಲ್ಲಿ ಪುಟ ಹರಿದಿದೆ' ಎಂದು ಬರೆದೆ.

ಅಷ್ಟರಲ್ಲಿ ಅವನು ಪದವಿ ಮುಗಿಸಿ ಬೇರೆ ಊರಿನಲ್ಲಿ ಎಂ.ಎ.ಗೆ ಸೇರಿದ್ದ. ಹೊಸ ಪ್ರತಿಯನ್ನು ಕಳುಹಿಸಿಕೊಟ್ಟೆ. ಒಂದು ಭಾನುವಾರ ದೂರವಾಣಿ ಬಂತು.

"ಸಾರ್, ಈ ಸಲ ಪುಸ್ತಕದ ಹೆಸರು ಒಂದೇ ಸಲ ಬಂತು" ಎಂದು ನಕ್ಕ. ಆಮೇಲೆ ಸ್ವಲ್ಪ ತಡೆದು, "ಮೂರನೆಯ ಪ್ರಬಂಧದಲ್ಲಿ ಷಟ್ಪದಿ ಒಂದಿದೆಯಲ್ಲ, ಯಂತ್ರ ಪ್ರತಿ ಪಾದಕ್ಕೂ ನಿಂತು ಓದಿತು. ನಾನು ಅದರ ಜೊತೆ ಹಾಡಿಕೊಂಡೆ ಸಾರ್" ಎಂದ.

ಅನಂತರ, ಹರಿದ ಪುಟದಲ್ಲಿ ಹೋದ ಅಕ್ಷರಗಳ ಮಾತೆತ್ತಿದ. ಅವನ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇದೇ ಪುಸ್ತಕದ ಇನ್ನೊಂದು ಪ್ರತಿ ಇದೆಯಂತೆ. ಸಹಪಾಠಿಯೊಬ್ಬನನ್ನು ಕರೆದುಕೊಂಡು ಹೋಗಿ, ಆ ಎರಡು ಪುಟಗಳನ್ನು ಅವನಿಂದ ಓದಿಸಿ, ಬರೆದು ಕಳುಹಿಸುತ್ತೇನೆಂದು ಹೇಳಿದ. ಆ ಕಾಗದಕ್ಕಾಗಿ ಕಾಯುತ್ತಿದ್ದೇನೆ.